ವಾಹನದ ಮೈಮೇಲೆ ವಿನೈಲ್ ಅಕ್ಷರಗಳು

ನಮ್ಮ ರಸ್ತೆಗಳಲ್ಲಿ ಓಡಾಡುವ ವಾಹನಗಳಲ್ಲಿ ಏನಾದರೊಂದು ಬರವಣಿಗೆಯಿಲ್ಲದ ವಾಹನ ವಿರಳವೆಂದೇ ಹೇಳಬೇಕು. ಆಟೋರಿಕ್ಷಾದ ಬೆನ್ನಮೇಲೆ ‘ತಾಯಿಯ ಆಶೀರ್ವಾದ’, ಲಾರಿಯ ಹಣೆಯಲ್ಲಿ ಮನೆದೇವರ ಹೆಸರು, ಶಾಲಾ ವಾಹನದ ಪಕ್ಕೆಯಲ್ಲಿ ಶಾಲೆಯ ಹೆಸರು, ಬೈಕಿನ ಮುಂದೆ ಮೆಚ್ಚಿನ ನಟನ ಮುಖ – ಇವನ್ನೆಲ್ಲ ನಾವು ದಿನವೂ ಓದುತ್ತೇವೆ. ಅವು ಅಲ್ಲಿ ಹೇಗೆ ನಿಂತಿವೆಯೆಂದು ಮಾತ್ರ ಯೋಚಿಸುವುದಿಲ್ಲ. ಹಿಂದೆ ಇವನ್ನು ಕುಂಚದಿಂದ ಬರೆಯುತ್ತಿದ್ದರು. ಈಗ ಬಹುಮಟ್ಟಿಗೆ ವಿನೈಲ್ ಹಾಳೆಯಲ್ಲಿ ಯಂತ್ರದಿಂದ ಕತ್ತರಿಸಿ ಅಂಟಿಸುತ್ತಾರೆ. ಈ ಕೆಲಸಕ್ಕೆ ನಮ್ಮ ಕಡೆ ‘ರೇಡಿಯಂ ಕಟಿಂಗ್’ ಎಂಬ ಹೆಸರು ರೂಢಿಯಾಗಿದೆ. ರೇಡಿಯಂ ಎಂಬ ಧಾತುವಿಗೂ ಈ ಹಾಳೆಗೂ ಯಾವ ಸಂಬಂಧವೂ ಇಲ್ಲ.

ಕಲಾವಿಭಾಗದ ವಿದ್ಯಾರ್ಥಿಗೆ ಈ ವಿಷಯವೇಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರ ನಮ್ಮ ಮನೆಯಲ್ಲೇ ಇದೆ. ಎರಡು ವರ್ಷಗಳ ಹಿಂದೆ ನಮ್ಮ ತಂದೆಯವರು ಎಫ್.ಸಿ. ಮಾಡಿಸುವ ಮುನ್ನ ತಮ್ಮ ಆಟೋರಿಕ್ಷಾಕ್ಕೆ ಹೊಸದಾಗಿ ಎನಾಮೆಲ್ ಬಣ್ಣ ಹೊಡೆಸಿದರು. ಬಣ್ಣ ಕೈಗೆ ಅಂಟುತ್ತಿಲ್ಲವೆಂಬುದನ್ನಷ್ಟೇ ನೋಡಿ, ಮೂರನೆಯ ದಿನವೇ ನಾನು ಅಜ್ಜಿಯ ಹೆಸರನ್ನು ಕತ್ತರಿಸಿ ತಂದು, ಹಿಂಭಾಗದ ತಗಡಿನ ಮೇಲೆ ಒಂದೊಂದೇ ಅಕ್ಷರವಾಗಿ ಅಂಟಿಸಿದೆ. ಒಂದು ಅಕ್ಷರ ಓರೆಯಾಯಿತು. ಸರಿಪಡಿಸೋಣವೆಂದು ಎಳೆದೆ. ಅಕ್ಷರದೊಡನೆ ಅಂಗೈಯಗಲದ ಬಣ್ಣವೂ ಎದ್ದು ಬಂದು ಬರಿಯ ತಗಡು ಕಾಣಿಸಿತು. ಮತ್ತೆ ಬಣ್ಣ ಹೊಡೆಸುವುದಕ್ಕಾಗಿ ಮೂರು ದಿನ ಗಾಡಿ ನಿಂತಿತು. ಗಾಡಿಯೊಡನೆ ಮನೆಯ ಸಂಪಾದನೆಯೂ ನಿಂತಿತು. ತಂದೆಯವರು ಒಂದು ಮಾತನ್ನೂ ಆಡಲಿಲ್ಲ. ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಬಣ್ಣ ಹೊಡೆದ ವೃದ್ಧ ಪೇಂಟರು ಆ ತುಂಡನ್ನು ತಿರುಗಿಸಿ ನೋಡಿ, “ಸ್ಟಿಕ್ಕರ್ ಕೆಟ್ಟದ್ದಲ್ಲ ಮರಿ. ಅದು ಹಿಡಿದದ್ದನ್ನು ಬಿಟ್ಟಿಲ್ಲ. ಬಣ್ಣ ತಗಡನ್ನು ಬಿಟ್ಟಿದೆ” ಎಂದರು. ಈ ಒಂದು ಮಾತನ್ನು ಅರ್ಥಮಾಡಿಕೊಳ್ಳಲು ನಾನು ನಡೆಸಿದ ಪ್ರಯತ್ನದ ಫಲವೇ ಈ ಲೇಖನ.

ಪದರಗಳ ವಿಚಾರ

ವಿನೈಲ್ ಎಂದು ನಾವು ಕರೆಯುವುದು ಪಾಲಿವಿನೈಲ್ ಕ್ಲೋರೈಡ್, ಅಂದರೆ ನೀರಿನ ಕೊಳವೆಗಳನ್ನು ಮಾಡುವ ಪಿ.ವಿ.ಸಿ.ಯೇ. ಸ್ವಭಾವತಃ ಇದು ಗಡುಸು. 1926ರಲ್ಲಿ ಅಮೆರಿಕದ ಗುಡ್‌ರಿಚ್ ಸಂಸ್ಥೆಯ ರಸಾಯನಶಾಸ್ತ್ರಜ್ಞ ವಾಲ್ಡೊ ಸೆಮನ್ ಇದನ್ನು ಮೆದುಗೊಳಿಸುವ ವಿಧಾನವನ್ನು ಕಂಡುಹಿಡಿದ ಮೇಲೆ, ಬಟ್ಟೆಯಂತೆ ಬಾಗುವ ಹಾಳೆ ಸಾಧ್ಯವಾಯಿತು. ಈ ಹಾಳೆಯಲ್ಲಿ ಎರಡು ಬಗೆ. ಬಿಸಿ ಉರುಳೆಗಳ ನಡುವೆ ಒತ್ತಿ ಎಳೆದು ಮಾಡಿದ್ದು ಒಂದು; ದ್ರವವನ್ನು ತೆಳುವಾಗಿ ಸುರಿದು ಒಣಗಿಸಿದ್ದು ಇನ್ನೊಂದು. ಮೊದಲನೆಯದು ಅಗ್ಗ, ಕೊಂಚ ದಪ್ಪ. ಎಳೆದು ಮಾಡಿದ್ದಾದ್ದರಿಂದ ಬಿಸಿಲಿಗೆ ಮೆಲ್ಲನೆ ಕುಗ್ಗುತ್ತದೆ. ಎರಡನೆಯದು ಸುಮಾರು 50 ಮೈಕ್ರಾನ್ ದಪ್ಪವಿದ್ದು ಉಬ್ಬುತಗ್ಗುಗಳಿಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ; ಬೆಲೆ ಹೆಚ್ಚು. ಸಮತಟ್ಟಾದ ತಗಡಿಗೆ ಮೊದಲನೆಯದು ಸಾಕು. ಕಾರಿನ ಬಾಗಿದ ಮೈಗೆ ಎರಡನೆಯದೇ ಬೇಕು.

ಹಾಳೆಯ ಕೆಳಗೆ ಅಂಟು. ಅಂಟಿನ ಕೆಳಗೆ ಸಿಲಿಕೋನ್ ಲೇಪಿಸಿದ ಕಾಗದ. ಕತ್ತರಿಸಿದ ಅಕ್ಷರಗಳು ಚೆದುರದಂತೆ ಮೇಲೊಂದು ಟ್ರಾನ್ಸ್‌ಫರ್ ಟೇಪು. ಇತ್ತ ವಾಹನದಲ್ಲಿಯೂ ಪದರಗಳಿವೆ: ತಗಡು, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಈಗಿನ ಕಾರುಗಳಲ್ಲಿ ಬಣ್ಣದ ಮೇಲೊಂದು ಪಾರದರ್ಶಕ ಲೇಪ. ಸ್ಟಿಕ್ಕರಿನ ಅಂಟು ಹಿಡಿಯುವುದು ವಾಹನವನ್ನಲ್ಲ. ಅದರ ಅತಿ ಮೇಲಿನ ಪದರವನ್ನು ಮಾತ್ರ. ಆ ಪದರ ತನ್ನ ಕೆಳಗಿನದನ್ನು ಎಷ್ಟು ಭದ್ರವಾಗಿ ಹಿಡಿದಿದೆಯೋ ಅಷ್ಟೇ ಸ್ಟಿಕ್ಕರಿನ ಭದ್ರತೆ.

ಅಂಟಿನ ಸ್ವಭಾವ

ಗೋಡೆಗೆ ಭಿತ್ತಿಪತ್ರ ಹಚ್ಚುವ ಮೈದಾ ಅಂಟು ಒಣಗಿದ ಮೇಲೆ ಹಿಡಿಯುತ್ತದೆ. ಸ್ಟಿಕ್ಕರಿನ ಅಂಟು ಒಣಗುವುದೇ ಇಲ್ಲ. ಅದು ಘನವೂ ಅಲ್ಲ, ದ್ರವವೂ ಅಲ್ಲ; ಒತ್ತಿದಾಗ ಮೇಲ್ಮೈಯ ಕಣ್ಣಿಗೆ ಕಾಣದ ತಗ್ಗುಗಳೊಳಕ್ಕೆ ಮೆಲ್ಲಮೆಲ್ಲನೆ ಹರಿಯುತ್ತದೆ. ಹೀಗೆ ಎರಡು ವಸ್ತುಗಳ ಅಣುಗಳು ತೀರ ಸಮೀಪಕ್ಕೆ ಬಂದಾಗ ಅವುಗಳ ನಡುವಣ ಆಕರ್ಷಣೆಯಿಂದ ಹಿಡಿತ ಉಂಟಾಗುತ್ತದೆ. ಆದ್ದರಿಂದ ಅಂಟಿಸುವಾಗ ಒತ್ತಡವೂ ಬೇಕು, ಅಂಟಿಸಿದ ಮೇಲೆ ಕಾಲವೂ ಬೇಕು. ಕನಿಷ್ಠ ಒಂದು ದಿನ ಕಳೆಯದೆ ವಾಹನವನ್ನು ತೊಳೆಯಬಾರದೆನ್ನುವುದು ಇದಕ್ಕಾಗಿಯೇ. ನಡುವೆ ಧೂಳು, ಎಣ್ಣೆ ಅಥವಾ ಪಾಲಿಷಿನ ಮೇಣವಿದ್ದರೆ ಅಂಟು ಬಣ್ಣವನ್ನು ಮುಟ್ಟುವುದೇ ಇಲ್ಲ. ಕೆಸುವಿನೆಲೆಯ ಮೇಲಿನ ನೀರಿನಂತೆ ಇದ್ದೂ ಇಲ್ಲದಂತಿರುತ್ತದೆ.

ಅಂಟು ಬಣ್ಣವನ್ನು ಕಿತ್ತುಕೊಂಡು ಬರುವ ತೊಂದರೆ ಹೊಸದಲ್ಲ. 1920ರ ದಶಕದಲ್ಲಿ ಅಮೆರಿಕದಲ್ಲಿ ಎರಡು ಬಣ್ಣದ ಕಾರುಗಳ ಮೋಹ ಹಬ್ಬಿತ್ತು. ಒಂದು ಬಣ್ಣ ಹೊಡೆಯುವಾಗ ಇನ್ನೊಂದು ಭಾಗವನ್ನು ಕಾಗದದಿಂದ ಮುಚ್ಚಿ ಅಂಟಿಸಬೇಕು. ಬಿಚ್ಚುವಾಗ ಹೊಸ ಬಣ್ಣವೂ ಕಿತ್ತು ಬರುತ್ತಿತ್ತು. ಈಗ 3ಎಂ ಎನಿಸಿಕೊಂಡಿರುವ ಸಂಸ್ಥೆಯ ರಿಚರ್ಡ್ ಡ್ರೂ ಎಂಬ ತರುಣ, ಉಪ್ಪುಕಾಗದದ ಮಾದರಿಗಳನ್ನು ಕೊಡಲು ಇಂಥ ಕಾರ್ಖಾನೆಗೆ ಹೋದಾಗ ಪೇಂಟರುಗಳ ಈ ಗೋಳನ್ನು ಕಂಡನು. ಹಲವು ಪ್ರಯೋಗಗಳ ಅನಂತರ 1925ರಲ್ಲಿ ಆತ ರೂಪಿಸಿದ ಮಾಸ್ಕಿಂಗ್ ಟೇಪು, ಹಿಡಿಯುವಷ್ಟು ಹಿಡಿದು ಬಿಡಬೇಕಾದಾಗ ಬಿಡುವಂಥದು. ನನ್ನ ಕೈಯಲ್ಲಿ ಕಿತ್ತು ಬಂದ ಬಣ್ಣ ಸುಮಾರು ನೂರು ವರ್ಷಗಳ ಹಿಂದೆಯೇ ಇನ್ನೊಬ್ಬರ ಕೈಯಲ್ಲಿಯೂ ಕಿತ್ತು ಬಂದಿತ್ತೆಂದು ತಿಳಿದಾಗ, ನನಗೆ ಕೊಂಚ ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಮೊದಲ ಸಿದ್ಧತೆ

ಎನಾಮೆಲ್ ಬಣ್ಣ ಒಣಗುವುದು ಎರಡು ಹಂತದಲ್ಲಿ. ಮೊದಲು ಅದರಲ್ಲಿನ ತಿನ್ನರ್ ಆವಿಯಾಗುತ್ತದೆ; ಬಳಿಕ ಗಾಳಿಯ ಆಮ್ಲಜನಕದೊಡನೆ ಕೂಡಿ ಅದು ಗಟ್ಟಿಯಾಗುತ್ತದೆ. ಮೇಲೆ ಕೆನೆಗಟ್ಟಿದರೂ ಒಳಗೆ ವಾರಗಟ್ಟಲೆ ಹಸಿಯಾಗಿರಬಹುದು. ಆಗ ಸ್ಟಿಕ್ಕರ್ ಹಚ್ಚಿದರೆ ಒಳಗಿನ ಆವಿ ಹೊರಬರಲಾರದೆ ಗುಳ್ಳೆಗಳೇಳುತ್ತವೆ. ಬಣ್ಣಕ್ಕೆ ಗಾಳಿಯೂ ತಪ್ಪುತ್ತದೆ. ಬಣ್ಣದ ತಯಾರಕರು ಹೇಳಿದ ಅವಧಿಯನ್ನು ಕಾಯಬೇಕು. ತಿಳಿಯದಿದ್ದರೆ ಒಂದು ತಿಂಗಳು ಕಾಯುವುದು ಕ್ಷೇಮ. ಉಗುರೊತ್ತಿದರೆ ಗುರುತು ಮೂಡುವ, ತಿನ್ನರಿನ ವಾಸನೆ ಇನ್ನೂ ಹೋಗದ ಬಣ್ಣ ಸಿದ್ಧವಾಗಿಲ್ಲವೆಂದೇ ತಿಳಿಯಬೇಕು. ಸಂದೇಹವಿದ್ದರೆ ಕಣ್ಣಿಗೆ ಬೀಳದ ಮೂಲೆಯಲ್ಲಿ ಮಾಸ್ಕಿಂಗ್ ಟೇಪಿನ ತುಂಡೊಂದನ್ನು ಒತ್ತಿ ಎಳೆದು ನೋಡಬಹುದು. ಅದಕ್ಕೇ ಬಣ್ಣ ಎದ್ದು ಬಂದರೆ ಸ್ಟಿಕ್ಕರಿನ ಮಾತೇ ಬೇಡ.

ಬಣ್ಣ ಗಟ್ಟಿಯಾಗಿದ್ದರೆ ಸೋಪಿನ ನೀರಿನಿಂದ ತೊಳೆದು ಒಣಗಿಸಬೇಕು. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಬೇಕು. ಇಲ್ಲದಿದ್ದರೆ ಕರಗಿದ ಜಿಡ್ಡು ಅಲ್ಲಿಯೇ ಮತ್ತೆ ಕೂರುತ್ತದೆ. ಇದನ್ನೂ ಮೊದಲು ಮೂಲೆಯಲ್ಲಿ ಪರೀಕ್ಷಿಸುವುದು ಒಳ್ಳೆಯದು. ಸೀಮೆಎಣ್ಣೆ ಒರೆಸುವವರಿದ್ದಾರೆ, ಅದು ತಾನೇ ಜಿಡ್ಡನ್ನುಳಿಸುತ್ತದೆ. ಸುಡುಬಿಸಿಲಿನಲ್ಲಿ ಕಾದ ತಗಡಿನ ಮೇಲೆ ಅಂಟು ಮುಟ್ಟಿದಲ್ಲೇ ಕಚ್ಚಿಕೊಳ್ಳುವುದರಿಂದ, ಬೆಳಗಿನ ಹೊತ್ತು, ಇಬ್ಬನಿ ಆರಿದ ಮೇಲೆ, ನೆರಳಿನಲ್ಲಿ ಕೆಲಸ ಮಾಡಬೇಕು.

ಅಂಟಿಸುವ ಕ್ರಮ

ಮೊದಲು ಕಾಗದ ಬಿಚ್ಚದೆಯೇ ಅಕ್ಷರಸಾಲನ್ನು ತಗಡಿನ ಮೇಲಿಟ್ಟು, ಅಳತೆ ಟೇಪಿನಿಂದ ಮಟ್ಟ ನೋಡಿ, ಮೇಲಂಚಿನುದ್ದಕ್ಕೂ ಮಾಸ್ಕಿಂಗ್ ಟೇಪು ಹಚ್ಚಬೇಕು. ಈಗ ಅದು ಬಾಗಿಲಿನ ಕೀಲಿನಂತೆ ಮೇಲಕ್ಕೆತ್ತಿ ಇಳಿಸಲು ಬರುತ್ತದೆ. ಎತ್ತಿ ಹಿಡಿದು ಹಿಂಬದಿಯ ಕಾಗದವನ್ನು ಬಿಡಿಸಿ, ಮೇಲಿನಿಂದ ಕೆಳಕ್ಕೆ ಇಳಿಸುತ್ತ, ಬಟ್ಟೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಹೋಗಬೇಕು. ಗಾಳಿಗೆ ಹೊರಹೋಗುವ ದಾರಿ ಸದಾ ತೆರೆದಿರಬೇಕೆಂಬುದೇ ಇಲ್ಲಿನ ಸೂತ್ರ. ದೊಡ್ಡ ಹಾಳೆಯಾದರೆ, ಕೆಲವು ಹನಿ ಸೋಪು ಬೆರೆಸಿದ ನೀರನ್ನು ಸಿಂಪಡಿಸಿಕೊಂಡರೆ ಸರಿಸಾಡಲು ಅವಕಾಶವಿರುತ್ತದೆ. ಆದರೆ ನೀರನ್ನೆಲ್ಲ ಒತ್ತಿ ತೆಗೆದು ಹಿಡಿತ ಬರುವವರೆಗೆ ಕಾಯಬೇಕು. ಕೊನೆಯಲ್ಲಿ ಟ್ರಾನ್ಸ್‌ಫರ್ ಟೇಪನ್ನು ಹಿಂದಕ್ಕೆ ಮಡಚಿದಂತೆ, ತಗಡಿಗೆ ಒತ್ತಿಕೊಂಡೇ ನಿಧಾನವಾಗಿ ಎಳೆಯಬೇಕು. ನೇರ ಹೊರಕ್ಕೆ ಎಳೆದರೆ ಅಕ್ಷರವೂ ಎದ್ದು ಬರುತ್ತದೆ.

ಗುಳ್ಳೆ ಉಳಿದರೆ ಅದರ ಅಂಚಿನಲ್ಲಿ ಸೂಜಿಯಿಂದ ಚುಚ್ಚಿ, ಗಾಳಿಯನ್ನು ಆ ರಂಧ್ರದ ಕಡೆಗೆ ಒತ್ತಿದರೆ ಸಾಕು. ರಿವೆಟ್ಟಿನ ತಲೆ, ತಗ್ಗು ಮುಂತಾದ ಕಡೆ ಹಾಳೆಯನ್ನು ಬಲವಾಗಿ ಎಳೆದು ಕೂರಿಸಬಾರದು. ಎಳೆದ ವಿನೈಲ್ ತನ್ನ ಮೊದಲಿನ ಅಳತೆಗೆ ಮರಳಲು ಯತ್ನಿಸಿ ಮರುಬಿಸಿಲಿಗೇ ಏಳುತ್ತದೆ. ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ ಒತ್ತಬೇಕು. ಮೊನಚಾದ ಮೂಲೆಗಳೇ ಮೊದಲು ಏಳುವುದರಿಂದ ಅವನ್ನು ಗುಂಡಗೆ ಕತ್ತರಿಸಿರುವುದು ಉತ್ತಮ. ಅಂಟಿಸಿದ ಮೇಲೆ ವಾಹನದ ಮೈಮೇಲೆಯೇ ಬ್ಲೇಡು ಆಡಿಸುವುದು ಕೆಟ್ಟ ಅಭ್ಯಾಸ. ಬ್ಲೇಡಿನ ಗೀರು ತಗಡನ್ನು ಮುಟ್ಟಿದರೆ ಅಲ್ಲಿಂದಲೇ ತುಕ್ಕು ಆರಂಭವಾಗುತ್ತದೆ.

ತೆಗೆಯುವಾಗಲೂ ಬಿಸಿಯೇ ಸಹಾಯಕ. ಬೆಚ್ಚಗೆ ಮಾಡಿ, ಒಂದು ಮೂಲೆಯನ್ನೆತ್ತಿ, ಹಿಂದಕ್ಕೆ ಮಡಚಿ ಸಾವಕಾಶವಾಗಿ ಎಳೆಯಬೇಕು. ನಾನು ಅಂದು ಮಾಡಿದ್ದು ಇದರ ತೀರ ವಿರುದ್ಧ: ತಣ್ಣಗಿದ್ದ ಅಕ್ಷರವನ್ನು, ಹಸಿಬಣ್ಣದ ಮೇಲಿಂದ, ನೇರ ಹೊರಕ್ಕೆ, ಒಂದೇ ಜಗ್ಗಿಗೆ.

ಉಪಸಂಹಾರ

ಆ ವೃದ್ಧ ಪೇಂಟರು ತಾರುಣ್ಯದಲ್ಲಿ ಲಾರಿಗಳ ಮೇಲೆ ಕುಂಚದಿಂದ ಅಕ್ಷರ ಬರೆದವರು. ಸ್ಟಿಕ್ಕರ್ ಬಂದ ಮೇಲೆ ಬರೆಸುವವರು ಕಡಮೆಯಾಗಿ, ಈಗ ಬರಿಯ ಬಣ್ಣ ಹೊಡೆಯುತ್ತಾರೆ. ಯಂತ್ರದ ಅಕ್ಷರಗಳ ಮೇಲೆ ಅವರಿಗೆ ಕೋಪವಿರಬಹುದೆಂದು ನಾನು ಭಾವಿಸಿದ್ದೆ. ಅವರು ಹೇಳಿದ್ದು ಬೇರೆ: “ಅರ್ಧ ದಿನ ಉಜ್ಜುತ್ತಿದ್ದೆವು, ಒಂದು ಗಂಟೆ ಬರೆಯುತ್ತಿದ್ದೆವು. ಈಗಿನವರಿಗೆ ಆ ಒಂದು ಗಂಟೆ ಉಳಿದಿದೆ. ಅರ್ಧ ದಿನವೂ ಉಳಿಯಿತೆಂದು ತಿಳಿದಿದ್ದಾರೆ.” ಕತ್ತರಿಸುವ ಯಂತ್ರ ಬರವಣಿಗೆಯ ಶ್ರಮವನ್ನು ತಪ್ಪಿಸಿತೇ ಹೊರತು ಮೇಲ್ಮೈಯನ್ನು ಸಿದ್ಧಪಡಿಸುವ ಶ್ರಮವನ್ನಲ್ಲ.

ಎರಡನೆಯ ಸಲ ಬಣ್ಣ ಹೊಡೆಸಿ ಒಂದು ತಿಂಗಳು ಕಳೆದ ಮೇಲೆ, ಅವರೇ ಎದುರಿಗೆ ನಿಂತು ನನ್ನಿಂದ ಅಜ್ಜಿಯ ಹೆಸರನ್ನು ಅಂಟಿಸಿದರು. ಎರಡು ಮಳೆಗಾಲ ಕಳೆದರೂ ಅದು ಅಲ್ಲಿಯೇ ಇದೆ. ವಾರ್ಷಿಕೋತ್ಸವದ ದಿನ ಕಾಲೇಜಿನ ಹೆಸರಿನ ಸ್ಟಿಕ್ಕರನ್ನು ಮನೆಯ ಗಾಡಿಗೆ ಅಂಟಿಸಲು ಹೊರಡುವ ಸಹಪಾಠಿಗಳಲ್ಲಿ ನನ್ನದೊಂದು ವಿನಂತಿ: ಮೊದಲು ಆ ಗಾಡಿಗೆ ಬಣ್ಣ ಹೊಡೆದು ಎಷ್ಟು ದಿನವಾಯಿತೆಂದು ತಂದೆಯವರನ್ನು ಕೇಳಿ.