ಬಾಣಂತನಕ್ಕೆ ಅಮ್ಮ ಬರುತ್ತಾರೆ, ವಿಮೆಯ ಚಿಂತೆ ಬಿಡುತ್ತಿಲ್ಲ

ಪ್ರಶ್ನೆ: ನಾನು ತುಮಕೂರಿನವಳು. ಮದುವೆಯಾಗಿ ಹೋದ ವರ್ಷ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದೆ. ನನಗೆ ಕೆಲಸವಿಲ್ಲ. ಈಗ ನಾಲ್ಕು ತಿಂಗಳ ಗರ್ಭಿಣಿ, ಥೈರಾಯ್ಡ್ ಮಾತ್ರೆ ನಡೆಯುತ್ತಿದೆ. ಹೊಸ ಕಂಪನಿಯಲ್ಲಿ ನಮ್ಮವರ ಸಂಬಳ ಏರಿದೆ. ‘ಖಾಸಗಿ ವಿಮೆಗೆ ಹೋಗಿ, ಕಂತು ಕಡಿಮೆ, ಡಾಕ್ಟರೂ ಬೇಗ ಸಿಗುತ್ತಾರೆ’ ಎಂದು ಅವರ ಸಹೋದ್ಯೋಗಿಗಳು ಹೇಳುತ್ತಿದ್ದಾರೆ. ಮೊನ್ನೆ ಜ್ವರ ಬಂದಾಗ ಡಾಕ್ಟರ್ ಬಿಸಿ ಟೀ ಕುಡಿದು ಮಲಗಿ ಎಂದು ಕಳಿಸಿಬಿಟ್ಟರು. ಭಾಷೆ ಬಾರದೆ, ಹೇಳಿಕೊಳ್ಳಲಾಗದೆ ಅತ್ತುಬಿಟ್ಟೆ. ಬಾಣಂತನಕ್ಕೆ ಅಮ್ಮ ಬರುತ್ತಾರೆ. ಅವರಿಗೆ ಶುಗರ್, ಬಿಪಿ ಎರಡೂ ಇದೆ. ಆಸ್ಪತ್ರೆ ಬಿಲ್ಲು ನೆನೆದರೆ ನಿದ್ದೆ ಬರುವುದಿಲ್ಲ.
— ಹೆಸರು ಬೇಡ

ಉತ್ತರ: ತಂಗಿ, ಬಸುರಿ ಹೆಂಗಸು ತವರಿನಿಂದ ಅಷ್ಟು ದೂರ ಕೂತು ಒಬ್ಬಳೇ ಇದನ್ನೆಲ್ಲ ಯೋಚಿಸುವುದು ಕಷ್ಟವೇ. ಆದರೆ ನಿಮ್ಮ ಪತ್ರ ಓದಿದಾಗ ಒಂದು ವಿಷಯ ಸ್ಪಷ್ಟವಾಯಿತು. ನೀವು ನಿಮ್ಮ ಬಿಲ್ಲಿಗೆ ಹೆದರುತ್ತಿದ್ದೀರಿ, ನಿಜವಾಗಿ ರಕ್ಷಣೆ ಇಲ್ಲದಿರುವುದು ನಿಮ್ಮ ತಾಯಿಗೆ.

ಮೊದಲು ನಿಮ್ಮ ವಿಷಯ. ನಿಮ್ಮ ಯಜಮಾನರು ಈಗ ಸಾರ್ವಜನಿಕ ವಿಮಾ ನಿಧಿಯ, ಅಲ್ಲಿಯವರು ಕ್ರಾಂಕೆನ್‌ಕಾಸೆ ಎನ್ನುವುದರ, ಸದಸ್ಯರು ಎಂದುಕೊಂಡು ಹೇಳುತ್ತೇನೆ. 1883ರಲ್ಲಿ ಚಾನ್ಸಲರ್ ಬಿಸ್ಮಾರ್ಕ್ ಕಾಲದಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಕಂತು ನಿಲ್ಲುವುದು ಸಂಬಳದ ಮೇಲೆ, ಕಾಯಿಲೆಯ ಮೇಲಲ್ಲ. ಮೂಲ ದರ ಸಂಬಳದ ಶೇ 14.6. ಅದರಲ್ಲಿ ಅರ್ಧ ಕಂಪನಿ ಕಟ್ಟುತ್ತದೆ. ಇದರ ಮೇಲೆ ಪ್ರತಿ ನಿಧಿಯದೂ ಒಂದಿಷ್ಟು ಹೆಚ್ಚುವರಿ ಇರುತ್ತದೆ. ಸಂಪಾದನೆಯಿಲ್ಲದ ಹೆಂಡತಿ, ಹುಟ್ಟುವ ಮಗು ಅದೇ ಕಂತಿನೊಳಗೆ ಬರುತ್ತಾರೆ. ನಿಮ್ಮ ಥೈರಾಯ್ಡ್ ಬಗ್ಗೆ ಅಲ್ಲಿ ಯಾರೂ ಚೌಕಾಸಿ ಮಾಡುವುದಿಲ್ಲ. ಗರ್ಭಿಣಿಯ ನಿಗದಿತ ತಪಾಸಣೆಗೂ ಹೆರಿಗೆಗೂ ನೀವು ಕೈಯಿಂದ ಹಣ ಕೊಡಬೇಕಿಲ್ಲ.

ಖಾಸಗಿ ವಿಮೆಯ ಲೆಕ್ಕವೇ ಬೇರೆ. ಅಲ್ಲಿ ತಲೆಗೊಂದು ಕಂತು, ವಯಸ್ಸು ಮತ್ತು ಆರೋಗ್ಯ ನೋಡಿ ದರ. ಸಹೋದ್ಯೋಗಿ ಒಂಟಿ ಹುಡುಗನಾಗಿದ್ದರೆ ಅವನಿಗೆ ಅಗ್ಗವಾಗಿ ಕಂಡಿರಬಹುದು. ಯಜಮಾನರು ಆ ಕಡೆ ಹೋದ ದಿನವೇ ನೀವು ಕುಟುಂಬದ ವಿಮೆಯಿಂದ ಹೊರಬೀಳುತ್ತೀರಿ. ಖಾಸಗಿ ಪಾಲಿಸಿಗಳಲ್ಲಿ ಹೆರಿಗೆಗೆ ಸಾಮಾನ್ಯವಾಗಿ 8 ತಿಂಗಳು ಕಾಯುವ ಅವಧಿ ಇದೆ. ಸಾರ್ವಜನಿಕ ವಿಮೆಯಿಂದ ನೇರವಾಗಿ ಹೋದವರಿಗೆ ಅಲ್ಲಿದ್ದ ಕಾಲವನ್ನು ಸಾಮಾನ್ಯವಾಗಿ ಅದಕ್ಕೆ ಲೆಕ್ಕ ಹಿಡಿಯುತ್ತಾರೆ, ಆದರೂ ಬರಹದಲ್ಲಿ ಕೇಳದೆ ನೆಚ್ಚಬೇಡಿ. ಮತ್ತೆ ಮರಳುವುದೂ ಸುಲಭವಲ್ಲ, 55 ದಾಟಿದ ಮೇಲಂತೂ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆ. ಸಂಬಳ ಮಿತಿ ದಾಟಿದವರು (2025ರಲ್ಲಿ ಅದು ವರ್ಷಕ್ಕೆ 73,800 ಯೂರೊ, ಪ್ರತಿವರ್ಷ ಬದಲಾಗುತ್ತದೆ) ಖಾಸಗಿಗೆ ಹೋಗಬಹುದು ಅಷ್ಟೇ, ಹೋಗಲೇಬೇಕೆಂದಿಲ್ಲ. ಸ್ವಇಚ್ಛೆಯ ಸದಸ್ಯರಾಗಿ ಇದ್ದಲ್ಲೇ ಮುಂದುವರಿಯಬಹುದು. ಮುಂದುವರಿಯಿರಿ ಎಂಬುದೇ ನನ್ನ ಸಲಹೆ.

ಇನ್ನು ಡಾಕ್ಟರ ಮಾತು. ನಮ್ಮಲ್ಲಿ ಜ್ವರಕ್ಕೆ ಮೂರು ಬಗೆ ಮಾತ್ರೆ ಬರೆಯದಿದ್ದರೆ ಡಾಕ್ಟರ್ ನೋಡಲೇ ಇಲ್ಲ ಎನ್ನಿಸುತ್ತದೆ. ಸಾಮಾನ್ಯ ನೆಗಡಿ ಜ್ವರಕ್ಕೆ ಆಂಟಿಬಯಾಟಿಕ್ ಬರೆಯದೆ ವಿಶ್ರಾಂತಿ ಹೇಳುವುದು ಅಲ್ಲಿನ ರೂಢಿ, ಅದು ತಾತ್ಸಾರವಲ್ಲ. ಆದರೂ ಗರ್ಭಿಣಿಗೆ ಜ್ವರ ಇಳಿಯದಿದ್ದರೆ ಮತ್ತೆ ಹೋಗಿ, ಕೇಳಿ. ಫೋನ್ ಮಾಡಿದಾಗ ಮೊದಲ ಮಾತೇ ‘ಇಷ್ ಬಿನ್ ಶ್ವಾಂಗರ್’, ನಾನು ಗರ್ಭಿಣಿ, ಎಂದಿರಲಿ. ಕ್ಲಿನಿಕ್ ಮುಚ್ಚಿರುವ ಹೊತ್ತಿನಲ್ಲಿ 116117ಕ್ಕೆ ಕರೆ ಮಾಡಿದರೆ ಪಾಳಿಯ ವೈದ್ಯರು ಸಿಗುತ್ತಾರೆ. ರಕ್ತಸ್ರಾವ, ಉಸಿರಾಟದ ತೊಂದರೆಯಂಥ ಜೀವಕ್ಕೆ ಅಪಾಯದ ಸಂದರ್ಭಕ್ಕೆ 112.

ತಪಾಸಣೆಯ ವಿವರವನ್ನೆಲ್ಲ ಬರೆದಿಡುವ ಪುಟ್ಟ ಪುಸ್ತಕ, ಮುಟರ್‌ಪಾಸ್, ಸದಾ ಕೈಚೀಲದಲ್ಲಿರಲಿ. ರಕ್ತದ ಗುಂಪು, ಥೈರಾಯ್ಡ್ ಎಲ್ಲ ಅದರಲ್ಲಿದ್ದರೆ ಭಾಷೆ ಬಾರದಿದ್ದರೂ ಆಸ್ಪತ್ರೆಯವರಿಗೆ ನಿಮ್ಮ ಸ್ಥಿತಿ ತಿಳಿಯುತ್ತದೆ. ಹೆಬಾಮೆ ಎಂಬ ತರಬೇತಾದ ಸೂಲಗಿತ್ತಿ ಹೆರಿಗೆಯ ನಂತರ ಮನೆಗೇ ಬಂದು ತಾಯಿ ಮಗುವನ್ನು ನೋಡುತ್ತಾರೆ. ಅದೂ ವಿಮೆಯಲ್ಲೇ ಸೇರಿದೆ. ದೊಡ್ಡ ಊರುಗಳಲ್ಲಿ ಅವರು ಸಿಗುವುದೇ ಕಷ್ಟ, ಆದ್ದರಿಂದ ಈ ವಾರವೇ ಹುಡುಕಲು ಶುರುಮಾಡಿ. ಇಂಗ್ಲಿಷ್ ಬಲ್ಲವರು ಬೇಕೆಂದು ಸಂಕೋಚವಿಲ್ಲದೆ ಹೇಳಿ.

ಈಗ ಅಮ್ಮ. ನಿಮ್ಮ ವಿಮೆ ಅವರಿಗೆ ಅನ್ವಯಿಸುವುದಿಲ್ಲ. ಅವರು ಪ್ರವಾಸಿಯಾಗಿ ಬರಲು ಬೇಕಾದ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಬೇಕು. ಬಹಳಷ್ಟು ಮಂದಿ ವೀಸಾಕ್ಕೆ ಸಾಕಾಗುವಷ್ಟು ಅಗ್ಗದ ಪಾಲಿಸಿ ತೆಗೆದು ಸುಮ್ಮನಾಗುತ್ತಾರೆ. ಅದರಲ್ಲಿ ಮೊದಲೇ ಇದ್ದ ಕಾಯಿಲೆಗೆ ರಕ್ಷಣೆ ಇರದೇ ಇರಬಹುದು, ಇದ್ದರೂ ಪ್ರಾಣಾಪಾಯದ ತುರ್ತಿಗಷ್ಟೇ ಇರಬಹುದು. ಶುಗರ್, ಬಿಪಿ ಎರಡನ್ನೂ ಅರ್ಜಿಯಲ್ಲಿ ತಪ್ಪದೆ ಬರೆಯಿಸಿ. ಮುಚ್ಚಿಟ್ಟರೆ ಕ್ಲೇಮು ಬಿದ್ದುಹೋಗುತ್ತದೆ. ‘ಮೊದಲಿನ ಕಾಯಿಲೆ ಉಲ್ಬಣಿಸಿದರೆ ಎಷ್ಟರವರೆಗೆ ಕೊಡುತ್ತೀರಿ?’ ಎಂದು ಏಜೆಂಟರನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಹೊರಡುವ ಮೊದಲು ಅಮ್ಮ ತುಮಕೂರಿನಲ್ಲೇ ಸಕ್ಕರೆ, ರಕ್ತದೊತ್ತಡ, ಇಸಿಜಿ, ಹಲ್ಲು ಎಲ್ಲ ತೋರಿಸಿಕೊಳ್ಳಲಿ. ಅಲ್ಲಿ ಒಂದು ಹಲ್ಲುನೋವೂ ದುಬಾರಿ. ಇರುವಷ್ಟು ದಿನಕ್ಕೆ ಸಾಲುವ ಮಾತ್ರೆಗಳನ್ನು, ಔಷಧಿಯ ರಾಸಾಯನಿಕ ಹೆಸರಿರುವ ಇಂಗ್ಲಿಷ್ ಚೀಟಿಯೊಂದಿಗೆ, ಕೈಚೀಲದಲ್ಲಿ ತರಲಿ. ಇಲ್ಲಿನ ಡಾಕ್ಟರ ಚೀಟಿ ತೋರಿಸಿ ಅಲ್ಲಿ ಔಷಧಿ ಕೊಳ್ಳಬಹುದೆಂದು ನೆಚ್ಚಬೇಡಿ. ಪ್ರವಾಸಿ ವೀಸಾದಲ್ಲಿ 180 ದಿನಗಳೊಳಗೆ ಇರಬಹುದಾದದ್ದು ಹೆಚ್ಚೆಂದರೆ 90 ದಿನ. ತುಂಬ ಮುಂಚೆ ಕರೆಸಿಕೊಂಡರೆ ಬಾಣಂತನದ ಹೊತ್ತಿಗೇ ಹೊರಡಬೇಕಾದೀತು.

ಕೊನೆಯದಾಗಿ, ಗಂಡನ ಎದುರು ಕೂತು ‘ನನಗೆ ಭಯವಾಗುತ್ತಿದೆ’ ಎಂದು ಹೇಳಿ. ಖಾಸಗಿ ವಿಮೆಯ ಕಾಗದಕ್ಕೆ ಸಹಿ ಹಾಕಬೇಡಿ ಎಂದೂ ಹೇಳಿ. ಮುಂದಿನ ತಪಾಸಣೆಗೆ ಅವರು ರಜೆ ಹಾಕಿ ಜೊತೆಗೆ ಬರಲಿ, ನೀವಿಬ್ಬರೂ ಕೇಳಬೇಕಾದ ಪ್ರಶ್ನೆಗಳನ್ನು ಮೊದಲೇ ಬರೆದುಕೊಂಡು ಹೋಗಿ. ಹೆರಿಗೆ ಸುಸೂತ್ರವಾಗಲಿ ಎಂದು ಮನಸಾರೆ ಹಾರೈಸುತ್ತೇನೆ.