ಮರದಿಂದ ಇಳಿಯುವ ಹಗ್ಗ ಮತ್ತು ಘರ್ಷಣೆಯ ಲೆಕ್ಕ

ಕಾಸರಗೋಡು ಸೀಮೆಯ ನಮಗೆ ಮರವೇರುವ ವಿದ್ಯೆ ಹೊಸತಲ್ಲ. ಕಾಲಿಗೆ ತಳೆ ತೊಟ್ಟು ಅಡಿಕೆ ಮರವೇರುವವರನ್ನು ಬಾಲ್ಯದಿಂದಲೇ ಕಂಡಿದ್ದೇವೆ. ಅಲ್ಲಿ ದೇಹದ ಭಾರವನ್ನು ತಡೆಯುವುದು ಪಾದಕ್ಕೂ ಕಾಂಡಕ್ಕೂ ನಡುವಿನ ಘರ್ಷಣೆ. ಆದರೆ ಮನೆಯ ಮಾಡಿನ ಮೇಲೆ ಚಾಚಿದ ಹಲಸು, ಮಾವುಗಳ ಗೆಲ್ಲು ಕಡಿಯಲು ಹೋದವರು ಕೆಲವೊಮ್ಮೆ ಹಗ್ಗಕ್ಕೆ ಜೋತು ಇಳಿಯಬೇಕಾಗುತ್ತದೆ. ಆಗ ಅವರ ಪ್ರಾಣವು ಹಗ್ಗದ ಘರ್ಷಣೆಯನ್ನೇ ನಂಬಿಕೊಂಡಿರುತ್ತದೆ.

ಹಗ್ಗದ ಒಂದು ತುದಿಯನ್ನು ಇಳಿಯುವವನ ಸೊಂಟಪಟ್ಟಿಗೆ ಬಿಗಿದು, ಗೆಲ್ಲಿನ ಮೇಲಿಂದ ಹಾಯಿಸಿ, ಮತ್ತೊಂದು ತುದಿಯನ್ನು ನೆಲದಲ್ಲಿ ನಿಂತವನು ಹಿಡಿದಿದ್ದಾನೆ ಎನ್ನೋಣ. ಇಳಿಯುವವನ ತೂಕ 60 ಕಿಲೋಗ್ರಾಂ, ಘರ್ಷಣಾಂಕ 0.3. ಹಗ್ಗ ಗೆಲ್ಲನ್ನು ಅರ್ಧ ಸುತ್ತು ಮಾತ್ರ ಬಳಸಿದ್ದರೆ ಕೆಳಗಿನವನು ಸುಮಾರು 23 ಕಿಲೋಗ್ರಾಂ ಭಾರವನ್ನು ತಡೆಹಿಡಿಯಬೇಕು. ಇನ್ನೊಂದು ಸುತ್ತು ಕೂಡಿಸಿದರೆ ಮೂರೂವರೆ ಕಿಲೋಗ್ರಾಂ ಸಾಕು. ಮತ್ತೊಂದು ಸುತ್ತಿಗೆ ಅದು ಅರ್ಧ ಕಿಲೋಗ್ರಾಮಿಗೆ ಇಳಿಯುತ್ತದೆ; ಆಗ ಹಗ್ಗ ಜರುಗಲೇ ಒಪ್ಪದಿರಬಹುದು. ಗೆಲ್ಲಿನ ದಪ್ಪ ಈ ಲೆಕ್ಕದಲ್ಲಿ ಬರುವುದೇ ಇಲ್ಲ ಎಂಬುದು ಸೋಜಿಗ. ಸುತ್ತಿದ ಕೋನವೇ ಮುಖ್ಯವೆಂದು 18ನೆಯ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ತೋರಿಸಿಕೊಟ್ಟನು.

ಆದರೆ ಘರ್ಷಣಾಂಕ ಸ್ಥಿರವಲ್ಲ. ಮಳೆಗಾಲದಲ್ಲಿ ಪಾಚಿಗಟ್ಟಿದ ತೊಗಟೆಯೂ ಬೇಸಿಗೆಯ ಒರಟು ತೊಗಟೆಯೂ ಹಗ್ಗವನ್ನು ಒಂದೇ ತೆರನಾಗಿ ಹಿಡಿಯವು. ಮೇಲಾಗಿ, ಓಡುವ ಹಗ್ಗವು ತೊಗಟೆಯನ್ನು ಗರಗಸದಂತೆ ಕೊಯ್ದು ಮರಕ್ಕೂ ಗಾಯ ಮಾಡುತ್ತದೆ. ಆದಕಾರಣ ಪಳಗಿದವರು ಗೆಲ್ಲಿಗೆ ಪಟ್ಟಿ ಬಿಗಿದು, ಅದರ ಲೋಹದ ಬಳೆಗಳಲ್ಲಿ ಹಗ್ಗವನ್ನು ಹಾಯಿಸುತ್ತಾರೆ.

ಇನ್ನು ಶಾಖದ ವಿಚಾರ. ಅದೇ ವ್ಯಕ್ತಿ 15 ಮೀಟರ್ ಇಳಿಯುವಾಗ ಸುಮಾರು 8,800 ಜೂಲ್ ಶಕ್ತಿ ಉಷ್ಣವಾಗಿ ಮಾರ್ಪಡುತ್ತದೆ. 30 ಗ್ರಾಂ ನೀರನ್ನು 30 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. ನಿಧಾನವಾಗಿ ಇಳಿದರೆ ಶಾಖ ಗಾಳಿಗೆ ಹೋಗುತ್ತದೆ. ಸರ್ರನೆ ಜಾರಿದರೆ ಉಜ್ಜುವ ಜಾಗದಲ್ಲೇ ಕೂಡಿಬೀಳುತ್ತದೆ. ನೈಲಾನ್ ಕರಗುವುದು 220 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಮೇಲೆ. ಪಾಲಿಪ್ರೊಪಿಲೀನ್ ಸುಮಾರು 165ರಲ್ಲೇ ಕರಗುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಹೊಳಪಿನ ಪ್ಲಾಸ್ಟಿಕ್ ಹಗ್ಗ ಬಹುಮಟ್ಟಿಗೆ ಈ ಎರಡನೆಯ ಜಾತಿಯದು. ದನ ಕಟ್ಟಲು ಅದು ಸಾಕು, ಮನುಷ್ಯ ಜೋತಾಡಲು ಸಲ್ಲದು. ಕೆಲಸಕ್ಕೆ ಬಂದವರ ಕೂಲಿಯನ್ನು ಚೌಕಾಸಿ ಮಾಡುವ ನಾವು ಅವರ ಹಗ್ಗವನ್ನು ಒಮ್ಮೆಯೂ ಮುಟ್ಟಿ ನೋಡುವುದಿಲ್ಲ!

ತಾನೇ ಹಗ್ಗ ಬಿಟ್ಟುಕೊಂಡು ಇಳಿಯುವವರಿಗೆ ಎಂಟರ ಆಕಾರದ ಲೋಹದ ಸಾಧನವುಂಟು. ಅದರ ಕೆಳಗೆ, ಮುಖ್ಯ ಹಗ್ಗಕ್ಕೆ ತೆಳುವಾದ ಇನ್ನೊಂದು ಹಗ್ಗವನ್ನು ಸುತ್ತಿ, ಬಿಗಿಹಿಡಿಯುವ ಗಂಟೊಂದನ್ನು ಹಾಕುತ್ತಾರೆ. ಆಸ್ಟ್ರಿಯದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಪ್ರಚುರಪಡಿಸಿದ ಗಂಟು ಈ ಬಗೆಯದು. ಕೈ ಜಾರಿದರೆ ಅದು ತಾನಾಗಿ ಬಿಗಿಯುತ್ತದೆ. ಭಾರದ ಬಹುಪಾಲನ್ನು ಲೋಹವೇ ಹೊರುವುದರಿಂದ ಗಂಟಿನ ಪಾಲಿಗೆ ಉಳಿಯುವುದು ಸ್ವಲ್ಪವೇ. ಹಗ್ಗದ ಕೊನೆಗೂ ಒಂದು ದಪ್ಪ ಗಂಟು ಇರಲೇಬೇಕು. ನೆಲ ಮುಟ್ಟುವ ಮೊದಲೇ ಹಗ್ಗ ಮುಗಿದರೆ ಇಳಿಯುವವನನ್ನು ತಡೆಯುವುದು ಅದೊಂದೇ.