ಮಹಿಳೆಯರೂ ಗರ್ಭಕಂಠದ ಪರೀಕ್ಷೆಯೂ

"ನನಗೇನೂ ಆಗಿಲ್ಲವಲ್ಲ, ಪರೀಕ್ಷೆ ಏತಕ್ಕೆ?" ನಮ್ಮ ಮನೆಗಳಲ್ಲಿ ಗೃಹಿಣಿಯರಿಂದ ಕೇಳಿಬರುವ ಮಾತಿದು. ಗರ್ಭಕಂಠದ, ಅಂದರೆ ಗರ್ಭಕೋಶದ ಕೊರಳಿನ, ಕ್ಯಾನ್ಸರಿನ ವಿಷಯದಲ್ಲಿ ಈ ಮಾತು ಅಪಾಯಕರವಾದುದು.

ಈ ರೋಗಕ್ಕೆ ಬಹುಮಟ್ಟಿಗೆ ಹ್ಯೂಮನ್ ಪ್ಯಾಪಿಲೋಮಾ ಎಂಬ ವೈರಸ್ಸೇ ಕಾರಣ. ಲೈಂಗಿಕ ಸಂಪರ್ಕದಿಂದ ಹರಡುವ ಈ ಸೋಂಕು ಅತಿ ಸಾಮಾನ್ಯವಾದುದರಿಂದ ಇದನ್ನು ಯಾರ ನಡತೆಗೂ ಕಳಂಕವೆಂದು ಭಾವಿಸಬೇಕಾಗಿಲ್ಲ. ಬಹುಮಂದಿಯಲ್ಲಿ ಅದು ತಾನಾಗಿಯೇ ಅಳಿಯುತ್ತದೆ. ಕೆಲವರಲ್ಲಿ ಉಳಿದುಕೊಂಡು ಜೀವಕೋಶಗಳನ್ನು ಕೆಡಿಸುತ್ತದೆ. ಅದು ಕ್ಯಾನ್ಸರಾಗಿ ಬೆಳೆಯಲು ಸಾಮಾನ್ಯವಾಗಿ ಹತ್ತು ವರ್ಷಗಳಿಗೂ ಮಿಕ್ಕಿದ ಕಾಲ ಹಿಡಿಯುತ್ತದೆ. ಈ ಅವಧಿಯಲ್ಲಿ ನೋವಿರುವುದಿಲ್ಲ. ಆದರೆ ಪರೀಕ್ಷೆಯಿಂದ ದೋಷ ತಿಳಿಯುತ್ತದೆ, ಸಣ್ಣ ಚಿಕಿತ್ಸೆಯಿಂದಲೇ ನಿವಾರಣೆಯಾಗುತ್ತದೆ. ಹಣ ಕಾಣೆಯಾದ ಮೇಲಷ್ಟೇ ಲೆಕ್ಕ ತಪಾಸಣೆ ನಡೆಸುವ ಬ್ಯಾಂಕು ಉಂಟೆ?

ಇದಕ್ಕೆ ಪ್ರಮಾಣ ನಾವು ನೆಲೆಸಿರುವ ಮುಂಬಯಿಯಲ್ಲೇ ದೊರೆತಿದೆ. ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 1998ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ ಇಲ್ಲಿನ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಸ್ತ್ರೀಯರಿದ್ದರು. ಅವರಲ್ಲಿ ಅರ್ಧದಷ್ಟು ಮಂದಿಗೆ ಎರಡು ವರ್ಷಗಳಿಗೊಮ್ಮೆ ಪರೀಕ್ಷೆಯ ಏರ್ಪಾಡಾಯಿತು. ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲದ ತೆಳು ದ್ರಾವಣವನ್ನು ಗರ್ಭಕಂಠಕ್ಕೆ ಸವರಿ, ಬೆಳ್ಳಗಾಗುವ ಭಾಗವನ್ನು ಗುರುತಿಸುವುದೇ ಆ ಪರೀಕ್ಷೆ. ಅದನ್ನು ನಡೆಸಿದವರು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಹನ್ನೆರಡು ವರ್ಷಗಳ ತರುವಾಯ ಆ ಗುಂಪಿನಲ್ಲಿ ಈ ಕ್ಯಾನ್ಸರಿನ ಮರಣ ಪ್ರಮಾಣ ಶೇಕಡಾ 31ರಷ್ಟು ಕಡಿಮೆಯಿದ್ದಿತು.

ಇಷ್ಟಾದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 30ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಒಮ್ಮೆಯಾದರೂ ಈ ಪರೀಕ್ಷೆಗೆ ಒಳಗಾದವರು ನೂರಕ್ಕೆ ಇಬ್ಬರೂ ಇಲ್ಲ. ನಗರಗಳಲ್ಲಿಯೂ ಸ್ಥಿತಿ ಹೆಚ್ಚು ಭಿನ್ನವಾಗಿಲ್ಲ. ಆಸ್ಪತ್ರೆ ಹತ್ತಿರವಿದ್ದ ಮಾತ್ರಕ್ಕೆ ಸಂಕೋಚ, ಭಯಗಳು ದೂರವಾಗುವುದಿಲ್ಲ. ಊರಿನಲ್ಲಾದರೆ ಮನಸ್ಸು ಬಿಚ್ಚಿ ಹೇಳಿಕೊಳ್ಳಲು ಅಕ್ಕನೋ ಚಿಕ್ಕಮ್ಮನೋ ಇರುತ್ತಿದ್ದರು. ಇಲ್ಲಿ ಆ ಆಪ್ತರ ಸ್ಥಾನವನ್ನು ಸಂಘದ ಸೋದರಿಯರೇ ತುಂಬಬೇಕು. ಒಬ್ಬರು ಹೊರಟರೆ ಇನ್ನೊಬ್ಬರು ಜೊತೆಗೆ ಹೋಗಲಿ.

ಸರಕಾರದ ಕಾರ್ಯಕ್ರಮವು 30ರಿಂದ 65 ವಯಸ್ಸಿನವರಿಗೆ ಐದು ವರ್ಷಗಳಿಗೊಮ್ಮೆ ಪರೀಕ್ಷೆಯನ್ನು ವಿಧಿಸಿದೆ. ಪ್ಯಾಪ್ ಪರೀಕ್ಷೆ, ವೈರಸ್ಸನ್ನೇ ಪತ್ತೆಹಚ್ಚುವ ಪರೀಕ್ಷೆಗಳೂ ಇವೆ. ತಮಗೆ ಯಾವುದು, ಎಷ್ಟು ವರ್ಷಗಳಿಗೊಮ್ಮೆ ಎಂಬುದನ್ನು ವೈದ್ಯರಿಂದ ತಿಳಿಯಬೇಕು. ಲಸಿಕೆ ಪಡೆದವರಿಗೂ ಪರೀಕ್ಷೆ ತಪ್ಪಿದ್ದಲ್ಲ. ಮುಟ್ಟು ನಿಂತ ಮೇಲೆ ಅಥವಾ ಸಂಭೋಗದ ನಂತರ ರಕ್ತ ಕಂಡರೆ ಸರದಿಗಾಗಿ ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು.

ಪುರುಷ ಸದಸ್ಯರಲ್ಲಿ ಒಂದು ಬಿನ್ನಹ: ವಿಮೆಯ ಕಂತನ್ನು ತಪ್ಪದೆ ಕಟ್ಟುವ ನಾವು, ಮನೆಯಾಕೆಯ ಪರೀಕ್ಷೆ ಯಾವಾಗ ಆಯಿತೆಂದು ಇಂದು ಸಂಜೆಯೇ ಕೇಳೋಣ.